ಪದ್ದಿಯ ದನಿ ಮತ್ತು ನನ್ನ ತಾಕಿನ ಪುಸ್ತಕ

ಕಳೆದ ಮಂಗಳವಾರ ಬೆಳಿಗ್ಗೆ ನಾರಾಯಣಗೂಡದ ನನ್ನ ಮನೆಯ ಅಟ್ಟದಿಂದ ತಗಡಿನ ಟ್ರಂಕೊಂದನ್ನು ಇಳಿಸಿ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ; ಅದರ ಹಿಂದೆ, ಸ್ವಲ್ಪ ತಡವಾಗಿ, ಒಣಗಿದ ಜೋಳದ ದಂಟಿನ ವಾಸನೆ. ಸೋಮವಾರವೆಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಧೂಳಾದ ಕೈ ತೊಳೆಯಲು ನಲ್ಲಿ ತಿರುಗಿಸಿದಾಗ ನೀರು ಬಂದದ್ದು ಚೆನ್ನಾಗಿ ನೆನಪಿದೆ, ನಮ್ಮ ಓಣಿಗೆ ಸೋಮವಾರ ನೀರು ಬಿಡುವುದಿಲ್ಲ. ಆದ್ದರಿಂದ ಮಂಗಳವಾರ.

ಇಷ್ಟಕ್ಕೇ ನೀವು ಮುಗುಳ್ನಕ್ಕಿದ್ದರೆ ತಪ್ಪಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ನಗರದ ಹೊರವಲಯದ ಸಂಶೋಧನಾ ಕೇಂದ್ರವೊಂದರಲ್ಲಿ ಜೋಳದ ಪೈರನ್ನು ಗಮನಿಸುವುದೇ ನನ್ನ ವೃತ್ತಿಯಾಗಿತ್ತು. ಬಿತ್ತಿದ ದಿನ, ಮೊಳೆತ ದಿನ, ತೆನೆ ಇಣುಕಿದ ದಿನ ಎಲ್ಲವನ್ನೂ ಬರೆಯಬೇಕು. ಬರೆದದ್ದನ್ನು ಮಳೆಯ ದಾಖಲೆಯೊಡನೆ ತಾಳೆ ನೋಡಬೇಕು. ಹೊಲದ ಒಂದೊಂದು ತುಂಡಿಗೂ ತಾಕು ಎನ್ನುತ್ತಿದ್ದುದರಿಂದ ಬರೆಯುವ ಪುಸ್ತಕಕ್ಕೆ ತಾಕಿನ ಪುಸ್ತಕವೆಂದೇ ಹೆಸರು. ನೀಲಿ ಬಟ್ಟೆಯ ರಟ್ಟು, ಬೆನ್ನಿಗೆ ಸೆಣಬಿನ ದಾರ, ದಾರದ ತುದಿಗೆ ಮೋಟು ಪೆನ್ಸಿಲ್. ಕೆಸರಿನಲ್ಲಿ ನಿಂತು ಬರೆಯುವವಳು ಪೆನ್ಸಿಲ್ ಬೀಳಿಸಿಕೊಂಡು ಹುಡುಕುತ್ತ ಕೂರಬಾರದೆಂದು ಆ ವ್ಯವಸ್ಥೆ. ನಿವೃತ್ತಳಾಗಿ ಇಷ್ಟು ಕಾಲವಾದರೂ ನನ್ನ ಬಲಗೈ ಆ ದಾರವನ್ನು ತಡಕುವುದನ್ನು ಬಿಟ್ಟಿಲ್ಲ. ನೆಂಟರ ಮದುವೆಗಳಲ್ಲಿ ಅಕ್ಷತೆ ಎಷ್ಟು ನಿಮಿಷ ತಡವಾಗಿ ಬಿತ್ತೆಂದು ಹೇಳಿ, ಪುರೋಹಿತರ ವಿಶ್ವಾಸವನ್ನು ನಾನು ಕಳೆದುಕೊಂಡು ಬಹಳ ದಿನಗಳಾದವು.

ಟ್ರಂಕು ಇಳಿಸುವಂತೆ ಮಾಡಿದವಳು ನನ್ನ ಅಕ್ಕನ ಮಗಳು ಪದ್ಮಜಾ, ಮನೆಯವರ ಬಾಯಲ್ಲಿ ಪದ್ದಿ. ಮಿಯಾಪುರದ ದೊಡ್ಡದೊಂದು ಅಪಾರ್ಟ್‌ಮೆಂಟಿನಲ್ಲಿ ಅವಳ ಸಂಸಾರ. ಮಗಳು ಅನ್ವಿಗೆ ಈಗ ಹದಿಮೂರು. ಹಿಂದಿನ ಸಂಜೆ ಪದ್ದಿ ಫೋನು ಮಾಡಿದ್ದಳು.

“ಮೌಶಿ, ನನ್ನ ಸಾಲಿ ಡೈರಿ ನಿಮ್ಮ ಟ್ರಂಕಿನ್ಯಾಗ ಐತೇನ್ರಿ? ಒಂಬತ್ತನೇ ಕ್ಲಾಸಿಂದು.”

“ನಾ ಏನೂ ಒಗದಿಲ್ಲ. ಇರಬೇಕು. ಯಾಕವಾ?”

“ಅನ್ವಿ ಖೋ-ಖೋ ಟೀಮಿನ್ಯಾಗ ಅದಾಳ್ರಿ. ಶನಿವಾರ ಮ್ಯಾಚು. ಎರಡ ದಿನದಿಂದ ಊಟ ಬಿಟ್ಟಾಳ. ‘ಎಲ್ಲಾರೂ ನನ್ನ ನೋಡ್ತಾರ, ನಾ ಒಲ್ಲೆ’ ಅಂತ ಅಳಾಕತ್ತಾಳ. ನಾನೂ ಆಡ್ತಿದ್ದೆ ಅಂದ್ರ ನಂಬವಲ್ಲಳು. ನಮ್ಮ ಮೇಡಂ ಬರದಿದ್ದು ತೋರಸ್ಬೇಕು.”

“ನೀನೂ ಹಂಗ ಇದ್ದಿ, ಪದ್ದಿ. ರಕ್ತದಾಗ ಬಂದದ್ದು ಎಲ್ಲಿಗೆ ಹೋಗ್ತದ?” ಎಂದೆ.

“ನೋಡಿ ಹೇಳ್ರಿ, ಮೌಶಿ” ಎಂದಳು, ಅಷ್ಟೇ.

ಪದ್ದಿ ನನ್ನ ಮನೆಯಲ್ಲಿದ್ದದ್ದು ಮೂರು ವರ್ಷ, ಎಂಟರಿಂದ ಹತ್ತನೆಯ ತರಗತಿಯವರೆಗೆ. ಆಗಿನ್ನೂ ತೆಲಂಗಾಣ ಪ್ರತ್ಯೇಕ ರಾಜ್ಯವಾಗಿರಲಿಲ್ಲ. ರಕ್ಷಣಾ ಇಲಾಖೆಯ ಘಟಕವೊಂದರಲ್ಲಿದ್ದ ನನ್ನ ಭಾವನವರಿಗೆ ಉತ್ತರಕ್ಕೆ ವರ್ಗವಾಯಿತು. ಮಗಳ ಶಾಲೆ ಕೆಡಬಾರದೆಂದು ಅಕ್ಕ ಅವಳನ್ನು ನನ್ನಲ್ಲಿ ಬಿಟ್ಟಳು. ನಾನು ಒಬ್ಬಳೇ ಇದ್ದವಳು. ಮಕ್ಕಳ ಬಗ್ಗೆ ನನಗೆ ತಿಳಿದದ್ದೆಲ್ಲ ಪೈರಿನ ಮೂಲಕ ತಿಳಿದದ್ದು.

ಅವಳು ಮಾತು ಕಡಿಮೆಯ ಹುಡುಗಿ. ತೆಲುಗು ತಪ್ಪಾದೀತು, ಹಿಂದಿ ನಗೆಪಾಟಲಾದೀತು, ಕನ್ನಡ ಯಾರಿಗೂ ಬಾರದು. ಹೀಗಾಗಿ ಶಾಲೆಯಲ್ಲಿ ಮೂರೂ ಭಾಷೆಗಳಲ್ಲಿ ಸುಮ್ಮನಿರುತ್ತಿದ್ದಳು. ಆದರೆ ಓಡುತ್ತಿದ್ದಳು. ಅದನ್ನು ಕಂಡು ಹಿಡಿದವರು ಅವರ ಆಟದ ಟೀಚರು ಸರಳಾ ಮೇಡಂ. ಪದ್ದಿ ಖೋ-ಖೋ ತಂಡಕ್ಕೆ ಸೇರಿದಳೆಂದು ತಿಳಿದ ದಿನ ನನಗಾದ ಹಿಗ್ಗನ್ನು ಹೇಳದಿದ್ದರೆ ಈ ಬರಹಕ್ಕೆ ಅನ್ಯಾಯವಾಗುತ್ತದೆ. ನಮ್ಮ ಕಾಲದಲ್ಲಿ ಧಾರವಾಡದ ನಮ್ಮ ಶಾಲೆಯಲ್ಲಿ ಹುಡುಗರಿಗೆ ಆಟದ ಪೀರಿಯಡ್ ಬಂದಾಗ ಹುಡುಗಿಯರು ಒಳಗೆ ಕೂತು ಕಸೂತಿ ಹಾಕುತ್ತಿದ್ದೆವು. ಕಿಟಕಿಯಿಂದ ನೋಡಿದರೆ ಟೀಚರು ಸೂಜಿಯಿಂದಲೇ ಬೆರಳಿಗೆ ಚುಚ್ಚುತ್ತಿದ್ದರು. ನಮ್ಮ ಆಟ ನೋಡಲು ಯಾರೂ ಬರಲಿಲ್ಲ, ಏಕೆಂದರೆ ನಮಗೆ ಆಟವೇ ಇರಲಿಲ್ಲ. ಪದ್ದಿಗೆ ಹಾಗಾಗಬಾರದು, ಅವಳ ಪಂದ್ಯಗಳಿಗೆ ನಾನು ಹೋಗಿಯೇ ತೀರುತ್ತೇನೆ ಎಂದು ಪಣ ತೊಟ್ಟೆ.

ಮೊದಲ ಕೆಲಸವಾಗಿ ಸುಲ್ತಾನ್ ಬಜಾರಿಗೆ ಹೋಗಿ ಬಿಳಿಯ ಕ್ಯಾನ್ವಾಸ್ ಬೂಟು ಕೊಂಡೆವು. ಅಂಗಡಿಯ ಮುದುಕ ಪದ್ದಿಯ ಕಾಲಿಗೆ ಬೂಟು ತೊಡಿಸಿ, ಬೆರಳ ತುದಿ ಒತ್ತಿ, ಕಚ್ಚುತ್ತದೆಯೇ ಎಂದು ಕೇಳಿದ. “ಇಲ್ಲ, ಅರ್ಧ ಅಂಗುಲ ಜಾಗವಿದೆ” ಎಂದು ನಾನೆಂದೆ. ಹಿಮ್ಮಡಿ ಸಡಿಲವೇ ಎಂದು ಕೇಳಿದ. ಇಲ್ಲವೆಂದೆ. ಆತ ತಲೆಯೆತ್ತಿ, “ಪಾಂವ್ ಕಿಸ್ಕೇ ಹೈಂ ಅಮ್ಮಾ, ಆಪ್ಕೇ ಕಿ ಬಚ್ಚೀ ಕೇ?” ಎಂದು ಕೇಳಿದ. ಕಾಲು ಯಾರದು, ನಿಮ್ಮದೋ ಮಗುವಿನದೋ? ಪದ್ದಿ ಅಂದು ಬಾಯಿ ಮುಚ್ಚಿಕೊಂಡು ನಕ್ಕದ್ದು ಕಂಡೆ. ಅಧಿಕಪ್ರಸಂಗಿ ಎಂದುಕೊಂಡು ನಾನು ಗಂಭೀರವಾಗಿ ಹೊರಟುಬಂದೆ.

ಖೋ-ಖೋ ಆಡದವರಿಗಾಗಿ ಎರಡು ಮಾತು. ಒಂದು ತಂಡದ ಎಂಟು ಮಂದಿ ಸಾಲಾಗಿ, ಒಬ್ಬರು ಈಚೆ ಒಬ್ಬರು ಆಚೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರು ತಂಡದವರನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ದಣಿದಾಗ, ಅಥವಾ ಉಪಾಯ ಹೊಳೆದಾಗ, ಕೂತವಳೊಬ್ಬಳ ಬೆನ್ನು ಮುಟ್ಟಿ “ಖೋ” ಎಂದು ಕೂಗಬೇಕು. ಆಗ ಅವಳೆದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಕೂಗು ಸ್ಪಷ್ಟವಾಗಿ ಕೇಳಿಸಬೇಕು. ಕೇಳಿಸದಿದ್ದರೆ ತಪ್ಪು. ಕಾಲಷ್ಟೇ ಅಲ್ಲ, ದನಿಯೂ ಬೇಕಾದ ಆಟ ಅದು. ಬೆನ್ನ ಹಿಂದಿನಿಂದ ಗೆಳತಿಯೊಬ್ಬಳನ್ನು ಎಬ್ಬಿಸಲು ಎಲ್ಲರೆದುರು ಬಾಯಿ ತೆರೆಯಬೇಕು.

ಪದ್ದಿಯ ದನಿ ಏಳುತ್ತಿರಲಿಲ್ಲ. ಇದು ನಾನು ಕಣ್ಣಾರೆ ಕಂಡ, ಕಿವಿಯಾರೆ ಕೇಳದ ಸಂಗತಿ. ಕೇಂದ್ರದಿಂದ ರಜೆ ಪಡೆದು, ಛತ್ರಿ ಮತ್ತು ಮಡಚುವ ಸ್ಟೂಲಿನೊಡನೆ ಮೈದಾನದ ಕಂಬದ ಪಕ್ಕದಲ್ಲೇ ಕೂರುತ್ತಿದ್ದೆ. ಬೇರೆ ಯಾರ ಮನೆಯವರೂ ಬರುತ್ತಿರಲಿಲ್ಲ. ತೊಡೆಯ ಮೇಲೆ ಒಂದು ಹೊಸ ತಾಕಿನ ಪುಸ್ತಕ. ದಿನ, ವೇಳೆ, ಗಾಳಿಯ ದಿಕ್ಕು, ಎದುರಾಳಿ ತಂಡ, ಅದರ ಕೆಳಗೆ ಎರಡು ಅಂಕಣ: “ಖೋ ಕೇಳಿಸಿತು”, “ಖೋ ಕೇಳಿಸಲಿಲ್ಲ”. ನಾನು ಬಂದರೆ ಹುಡುಗಿಯರೆಲ್ಲ ಸುಮ್ಮನಾಗುತ್ತಿದ್ದರು. ವಿದ್ವತ್ತಿಗೆ ಈ ಊರಿನಲ್ಲಿ ಇನ್ನೂ ಗೌರವವಿದೆ ಎಂದು ಭಾವಿಸುತ್ತಿದ್ದೆ. ಅವರು ನನಗೆ “ನೋಟ್‌ಬುಕ್ ಆಂಟಿ” ಎಂದು ಹೆಸರಿಟ್ಟದ್ದು ತಿಳಿದದ್ದು ಈ ವಾರ, ಪದ್ದಿಯ ಬಾಯಿಂದ.

ರಾತ್ರಿಯೂಟಕ್ಕೆ ಕೂತಾಗ ಪುಸ್ತಕ ತೆರೆದು ಓದುತ್ತಿದ್ದೆ. ಗದರುತ್ತಿರಲಿಲ್ಲ, ದಯವಿಟ್ಟು ನಂಬಿ. “ಇವತ್ತ ಹನ್ನೊಂದರಾಗ ಏಳು ಕೇಳಿಸಲಿಲ್ಲ, ಪದ್ದಿ. ಹೋದ ಸಲ ಒಂಬತ್ತರಾಗ ಐದು. ಏನ್ ಮಾಡಬಹುದು ವಿಚಾರ ಮಾಡೋಣು.” ಅವಳು ರೊಟ್ಟಿಯನ್ನು ಸಣ್ಣಸಣ್ಣ ಚೂರು ಮಾಡುತ್ತಿದ್ದಳು. “ಹೂಂ ಮೌಶಿ” ಎನ್ನುತ್ತಿದ್ದಳು. ಆ “ಹೂಂ” ಕೂಡ ಅಷ್ಟೇನೂ ಕೇಳಿಸುತ್ತಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿ, ಬೋನಾಲು ಹಬ್ಬದ ಗದ್ದಲ ಕಳೆದ ಮೇಲೆ, ಅವಳಿಗೆ ಜ್ವರ ಶುರುವಾಯಿತು. ಪಂದ್ಯದ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯಬೇಕಾಗಿದ್ದ ಶುಕ್ರವಾರದ ಪಂದ್ಯಕ್ಕೂ ಜ್ವರ. ನಾನು ರಜೆ ಹಾಕಿ ಸ್ಟೂಲು ಸಿದ್ಧಮಾಡಿಕೊಂಡಿದ್ದವಳು, ಅದೇ ಸ್ಟೂಲಿನ ಮೇಲೆ ಕೂತು ಅವಳ ಹಣೆಗೆ ಒದ್ದೆಬಟ್ಟೆ ಹಾಕಿದೆ. ಅವಳಿಲ್ಲದ ತಂಡ ಸೋತಿತು. ಪದ್ದಿ ಮತ್ತೆ ಮೈದಾನಕ್ಕೆ ಹೋಗಲಿಲ್ಲ. ಆ ಬಿಳಿಯ ಬೂಟು ಕೆಲಸದವಳ ಮಗಳಿಗೆ ಹೋಯಿತು.

ಅಂದಿನಿಂದ ನಾನೊಂದು ಕಥೆ ಹೇಳುತ್ತ ಬಂದೆ. ಮದುವೆಯಲ್ಲಿ, ಸೀಮಂತದಲ್ಲಿ, ಪದ್ದಿಯ ಗಂಡನ ಮನೆಯವರೆದುರಿಗೂ: “ನಮ್ಮ ಪದ್ದಿ ಭಾಳ ನಾಚಿಕಿ ಹುಡುಗಿ. ಮ್ಯಾಚು ಅಂದ್ರ ಸಾಕು, ಜ್ವರ ಬರ್ತಿತ್ತು.” ಎಲ್ಲರೂ ನಗುತ್ತಿದ್ದರು. ಪದ್ದಿಯೂ ನಗುತ್ತಿದ್ದಳು. ಅನ್ವಿ ಈ ಕಥೆಯನ್ನು ಕೇಳಿಕೊಂಡೇ ದೊಡ್ಡವಳಾದಳು.

ಇನ್ನು ಟ್ರಂಕಿಗೆ ಬರೋಣ. ಡೈರಿ ಸಿಕ್ಕಿತು. ಅದರ ಪಕ್ಕದಲ್ಲೇ ನನ್ನ ನೀಲಿ ಪುಸ್ತಕವೂ ಇತ್ತು, ಪೆನ್ಸಿಲ್ ಸಮೇತ. ಆಟಕ್ಕಾಗಿ ಹುಡುಗಿಯರು ತಡವಾಗಿ ಮನೆಗೆ ಹೋಗುವ ದಿನಗಳಲ್ಲಿ ಸರಳಾ ಮೇಡಂ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸುವ, ಮನೆಯವರು ಅದಕ್ಕೆ ಸಹಿ ಹಾಕುವ ಪದ್ಧತಿಯಿತ್ತು. ಮೊದಲ ಸಾಲು ಓದಿದೆ. ತೆಲುಗಿನಲ್ಲಿತ್ತು: “ಇಂದು ಪದ್ಮಜಾಳ ಖೋ ಗೇಟಿನ ಕಾವಲುಗಾರನಿಗೂ ಕೇಳಿಸಿತು.”

ಮೇಡಂ ಹುಡುಗಿಯನ್ನು ಅದಲುಬದಲು ಮಾಡಿಕೊಂಡಿರಬೇಕು ಎಂಬುದು ನನ್ನ ಮೊದಲ ಊಹೆ. ಅಥವಾ ದಿನಾಂಕ ತಪ್ಪಿರಬೇಕು. ನನ್ನ ಪುಸ್ತಕ ತೆರೆದೆ. ಆ ದಿನದ ಹಾಳೆಯಲ್ಲಿ ಪಂದ್ಯವೇ ಇಲ್ಲ. ನೋಡಿದಿರಾ, ತಪ್ಪೇ, ಎಂದುಕೊಂಡು ಕೇಂದ್ರದ ಮಳೆ ದಾಖಲೆಯ ನನ್ನ ಪ್ರತಿಯನ್ನು ಇಳಿಸಿದೆ. ಆ ದಿನ ಮಳೆಯಿಲ್ಲ, ನಾನು ಹೊಲದಲ್ಲಿ ಮೊಳಕೆಯ ಎಣಿಕೆಯಲ್ಲಿದ್ದೆ. ಪಂದ್ಯಕ್ಕೆ ಹೋಗಿರಲಿಲ್ಲ. ಮೇಡಂ ಬರೆದ ದಿನಾಂಕ ಸರಿಯಾಗಿತ್ತು.

ಎರಡನೆಯ ಸಾಲು: “ಪದ್ಮಜಾ ಇಂದು ತಂಡವನ್ನು ಎಬ್ಬಿಸಿದಳು.” ಅಂದೂ ನಾನಿರಲಿಲ್ಲ. ಮೂರನೆಯದು, ನಾಲ್ಕನೆಯದು. ಎರಡೂ ಪುಸ್ತಕಗಳನ್ನು ನೆಲದ ಮೇಲೆ ಎದುರುಬದುರು ಇಟ್ಟು, ಅಡ್ಡಪಟ್ಟಿ ಹಿಡಿದು, ಸಾಲಿಗೆ ಸಾಲು ತಾಳೆ ನೋಡಿದೆ. ನಾನು ಹೋದ ದಿನಗಳಲ್ಲೆಲ್ಲ “ಕೇಳಿಸಲಿಲ್ಲ” ಅಂಕಣವೇ ಉದ್ದ. ನಾನು ಹೋಗದ ದಿನಗಳೆಲ್ಲ ಗೇಟಿನವರೆಗೆ. ಒಂದೂ ಅಪವಾದವಿಲ್ಲ. ಇಷ್ಟು ಶುದ್ಧವಾದ ಫಲಿತಾಂಶ ನನ್ನ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ದೊರೆತಿರಲಿಲ್ಲ.

ಗೋಡೆಗೆ ಒರಗಿ ಕೂತೆ. ಆದರೂ ಜ್ವರದ ದಿನಗಳು ಉಳಿದಿದ್ದವು. ನೋಡದೆ ಬಿಡುವ ಜಾಯಮಾನ ನನ್ನದಲ್ಲ. ಪ್ರತಿ ಜ್ವರದ ಹಿಂದಿನ ದಿನ ನನ್ನದೇ ಅಕ್ಷರದಲ್ಲಿ “ನಾಳೆ ರಜೆ, ಮೈದಾನಕ್ಕೆ”. ಜ್ವರದ ದಿನ, ನನ್ನದೇ ಅಕ್ಷರದಲ್ಲಿ, “ಪದ್ದಿಗೆ ಜ್ವರ. ಉಷ್ಣಾಂಶ ಸಾಧಾರಣ.” ಥರ್ಮಾಮೀಟರು ಇಟ್ಟಿದ್ದೆ, ಓದಿದ್ದೆ, ಬರೆದಿದ್ದೆ, ಒದ್ದೆಬಟ್ಟೆಯನ್ನೂ ಹಾಕಿದ್ದೆ. ಜ್ವರವಿಲ್ಲದ ಜ್ವರವೆಂದರೇನು ಎಂದು ಕೇಳಿಕೊಂಡಿರಲಿಲ್ಲ.

ಜೋಳದ ವಿಷಯದಲ್ಲಿ ಇದು ನನಗೆ ತಿಳಿದಿತ್ತು. ದಿನವೂ ಕೈಯಿಂದ ಹಿಡಿದು ಅಳೆಯುವ ಗಿಡ ಪಕ್ಕದ ಗಿಡಕ್ಕಿಂತ ಕುಳ್ಳಗಾಗುತ್ತದೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ನನ್ನ ಮೊದಲ ವರ್ಷದಲ್ಲೇ, “ಹಾಗೆ ಮುಟ್ಟಿ ಮುಟ್ಟಿ ನೋಡಿದರೆ ಅದಕ್ಕೆ ಬೆಳೆಯಲು ಪುರುಸೊತ್ತೆಲ್ಲಿ ಅಮ್ಮಾ?” ಎಂದು ತೆಲುಗಿನಲ್ಲಿ ನಕ್ಕಿದ್ದಳು. ಅಂದಿನಿಂದ ಪ್ರತಿ ಹೊಲದಲ್ಲೂ ಯಾರೂ ಕಾಲಿಡದ ಒಂದು ತಾಕು ಬಿಡುತ್ತಿದ್ದೆ, ಹೋಲಿಕೆಗೆಂದು. ಪದ್ದಿಗೆ ಅಂಥದೊಂದು ತಾಕು ಇದೆಯೆಂದೂ ಅಲ್ಲಿ ಅವಳು ಆಳೆತ್ತರ ಬೆಳೆದಿದ್ದಳೆಂದೂ ಸರಳಾ ಮೇಡಂ ಒಬ್ಬರಿಗೆ ಗೊತ್ತಿತ್ತು.

ಕೊನೆಯ ಪೆಟ್ಟು ಡೈರಿಯ ಹಾಳೆಯೊಂದರಲ್ಲಿ ಕಾದಿತ್ತು. ಆ ಶುಕ್ರವಾರದ ಎರಡು ದಿನ ಮುಂಚೆ ಮೇಡಂ ಬರೆದಿದ್ದರು: “ಅಮ್ಮಾ, ದಯವಿಟ್ಟು ಒಮ್ಮೆ ಬಂದು ನನ್ನನ್ನು ಕಾಣಿರಿ. ಪದ್ಮಜಾ ಶುಕ್ರವಾರ ಆಡಲೇಬೇಕು. ಬರುವಾಗ ಪುಸ್ತಕ ತರಬೇಡಿ.” ಅದರ ಕೆಳಗೆ, ಪೋಷಕರ ಜಾಗದಲ್ಲಿ, ದುಂಡಗೆ, ದಿನಾಂಕ ಸಹಿತ, ನನ್ನ ಸಹಿ.

ಯಾರೋ ನಕಲು ಮಾಡಿದ್ದಾರೆ ಎಂದುಕೊಳ್ಳಲು ಒಂದು ನಿಮಿಷ ಪ್ರಯತ್ನಿಸಿದೆ. ಆಗಲಿಲ್ಲ, ದಿನಾಂಕದ ಏಳಕ್ಕೆ ನಾನು ಹಾಕುವ ಅಡ್ಡಗೀಟು ಅಲ್ಲಿತ್ತು. ಕೇಂದ್ರದ ಬಸ್ಸಿಗೆ ಓಡುವ ಬೆಳಗಿನಲ್ಲಿ ಪದ್ದಿ ಡೈರಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಎರಡೂ ಕೈಯಲ್ಲಿ, ಆ ಹಾಳೆಯನ್ನೇ ತೆರೆದು, ಎದೆಯ ಮಟ್ಟಕ್ಕೆ ಹಿಡಿದಿರುತ್ತಿದ್ದಳು. ನಾನು ಸಹಿ ಹಾಕುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಊರಿನ ದಿನಾಂಕಗಳನ್ನೆಲ್ಲ ಪರಿಶೀಲಿಸಿದವಳು ಆ ಮೂರು ಸಾಲನ್ನು ಓದಲಿಲ್ಲ. ಆಟದ ಬಗ್ಗೆ ತಿಳಿಯಬೇಕಾದದ್ದೆಲ್ಲ ನನ್ನ ಪುಸ್ತಕದಲ್ಲೇ ಇದೆಯಲ್ಲ ಎಂದಿರಬೇಕು.

ಪದ್ದಿಗೆ ಫೋನು ಮಾಡಿದೆ. ಏನು ಮಾತಾಡಬೇಕೆಂದು ಬರೆದುಕೊಳ್ಳದೆ ನಾನು ಮಾಡಿದ ಮೊದಲ ಫೋನು ಅದಿರಬೇಕು.

“ನಿನಗ ಜ್ವರ ಇರಲಿಲ್ಲ,” ಎಂದೆ.

“ಇರಲಿಲ್ರಿ.”

“ನನಗ ಯಾಕ ಹೇಳ್ಲಿಲ್ಲ?”

ಸಿಟ್ಟಿಲ್ಲದ ದನಿಯಲ್ಲಿ, ಅಡಿಗೆಯ ಮಾತಾಡುವಷ್ಟು ಸಹಜವಾಗಿ ಅಂದಳು: “ಹೇಳಿದ್ರ ಅದನ್ನೂ ಬರಕೋತಿದ್ರಿ, ಮೌಶಿ.”

ಅವಳೇ ಮುಂದುವರಿಸಿದಳು.

“ಮತ್ತ, ಎಲ್ಲಾ ಹುಡುಗೀರ ಪೈಕಿ ನನಗ ಒಬ್ಬಾಕಿಗೇ ಮನೀ ಮಂದಿ ಬರ್ತಿದ್ರು. ಬರಬ್ಯಾಡ್ರಿ ಅಂತ ಯಾವ ಬಾಯಿಲೆ ಅನ್ಲಿ? ಡೈರಿ ಓದಿ ನೀವ ತಿಳಕೋತೀರಿ ಅಂತ ಮಾಡಿದ್ದೆ. ನೀವು ಸಹಿ ಹಾಕಿ ಕೊಟ್ರಿ. ಓದಿನೂ ಬರೋರು ಅದಾರ ಅಂತ ನಾ ಸುಮ್ಮನಾದೆ.”

ಓದಿಯೂ ಬರುವವಳು. ಇಷ್ಟು ವರ್ಷ ಈ ಹುಡುಗಿ ನನ್ನನ್ನು ಹಾಗೆ ತಿಳಿದು, ಹಾಗೆ ತಿಳಿದೂ, ಹಬ್ಬಕ್ಕೆ ಹೋಳಿಗೆ ತಂದುಕೊಟ್ಟಿದ್ದಾಳೆ.

“ಅನ್ವಿದು ಹೆಂಗ?” ಎಂದು ಕೇಳಿದೆ, ಮಾತು ಬೇರೆಡೆಗೆ ಹೋಗಲೆಂದು. ಕೇಳಿದ ಕ್ಷಣವೇ ಮಾತು ಬೇರೆಡೆಗೆ ಹೋಗಿಲ್ಲವೆಂದು ತಿಳಿಯಿತು. ಎರಡು ವಾರದಿಂದ ಪದ್ದಿ ಅನ್ವಿಯ ಅಭ್ಯಾಸವನ್ನು ಫೋನಿನಲ್ಲಿ ಚಿತ್ರಿಸಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು, ಹೆಮ್ಮೆಯಿಂದ. ಮಾವಂದಿರು ಹೆಬ್ಬೆರಳು ಎತ್ತುತ್ತಿದ್ದರು. ನಾನು? ಬೆರಳಿನಿಂದ ಸ್ಕ್ರೀನು ಸವರಿ ನನ್ನದೇ ಮಾತುಗಳನ್ನು ಹಿಂದಕ್ಕೆ ಓದಿದೆ. “ನಲವತ್ತೆರಡನೆಯ ಸೆಕೆಂಡಿನಲ್ಲಿ ಕಾಲು ಗೆರೆ ದಾಟಿದೆ.” “ಒಂದು ನಿಮಿಷ ಹತ್ತನೆಯ ಸೆಕೆಂಡಿನ ಖೋ ಸರಿಯಾಗಿ ಕೇಳಿಸಲಿಲ್ಲ, ಗಮನಿಸಬೇಕು.” ಎರಡು ವಾರದಿಂದ, ದಿನವೂ.

“ಪದ್ದಿ, ಆ ವಿಡಿಯೋ…” ಎಂದೆ. ಅವಳಿಗೂ ಹೊಳೆದಿತ್ತು. “ಅಯ್ಯೋ ಮೌಶಿ,” ಎಂದಳು, “ನಾನೂ?”

ಗುರುವಾರ ಅನ್ವಿಯೇ ಫೋನು ಮಾಡಿದಳು. ಅವಳಮ್ಮ ವಿಡಿಯೋಗಳನ್ನೆಲ್ಲ ಅಳಿಸಿ, ಡೈರಿಯ ಕಥೆಯನ್ನೂ ಜ್ವರದ ಕಥೆಯನ್ನೂ ಇದ್ದಂತೆ ಹೇಳಿದ್ದಳಂತೆ. “ಅಮ್ಮ ಡ್ರಾಮಾ ಮಾಡ್ತಿದ್ಲಾ, ಅಜ್ಜಿ? ಥರ್ಮಾಮೀಟರ್ ಇಟ್ರೂ? ಸೂಪರ್!” ಎಂದು ನಕ್ಕಳು. ಶನಿವಾರ ನಾವು ಬರೋಣವೋ ಬೇಡವೋ ಎಂದು ಕೇಳಿದೆ. ಯೋಚಿಸಿದಳು. “ಬರ್ರಿ. ಆದ್ರ ನೋಡಬ್ಯಾಡ್ರಿ. ಇಬ್ಬರೂ.”

ಬರಬೇಕು, ನೋಡಬಾರದು. ಇಂಥ ಷರತ್ತನ್ನು ಯಾವ ಪ್ರಯೋಗಶಾಲೆಯಲ್ಲೂ ನಾನು ಕೇಳಿರಲಿಲ್ಲ. ಒಪ್ಪಿಕೊಂಡೆ.

ಮೆಟ್ರೋದಲ್ಲಿ ಮಿಯಾಪುರಕ್ಕೆ ಹೋದೆ. ನಡುವೆ ಒಮ್ಮೆ ಗಾಡಿ ಬದಲಿಸುವಾಗ ಚೀಲದಲ್ಲಿ ಕೈಹಾಕಿ ನೀಲಿ ಪುಸ್ತಕ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡೆ. ಪದ್ದಿ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು. ಮೈದಾನದ ಅಂಚಿನ ಬೇವಿನ ಕೆಳಗೆ ಕಲ್ಲುಬೆಂಚಿತ್ತು. ಇಬ್ಬರೂ ಆಟಕ್ಕೆ ಬೆನ್ನು ಮಾಡಿ, ಕಾಂಪೌಂಡಿನ ಗೋಡೆ ನೋಡುತ್ತ ಕೂತೆವು. ಈಚೆಗೊಬ್ಬರು ಆಚೆಗೊಬ್ಬರು ಮುಖಮಾಡಿ ಕೂತ ಹುಡುಗಿಯರ ಸಾಲಿಗೆ ನಾವೂ ಇಬ್ಬರು ಸೇರಿದಂತಿತ್ತು. ಬಂದ ಪೋಷಕರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಸೀಟಿ ಮೊಳಗಿತು. ಬೆನ್ನ ಹಿಂದೆ ಕಾಲುಗಳ ಸದ್ದು, ಧೂಳಿನ ವಾಸನೆ, ಆಮೇಲೆ “ಖೋ”. ಮತ್ತೊಂದು “ಖೋ”. ಯಾರದೆಂದು ಹೇಳಲಾರೆ. ಕೆಲವು ಕೀರಲಾಗಿದ್ದವು, ಕೆಲವು ನಡುಗುತ್ತಿದ್ದವು, ಒಂದಂತೂ ಗೋಡೆಗೆ ಬಡಿದು ನಮ್ಮ ಕಡೆಗೇ ತಿರುಗಿ ಬಂತು. ನನ್ನ ಬಲಗೈ ಸೆರಗಿನ ಬಳಿ ದಾರ ತಡಕಿತು. ದಾರ ಸಿಗದೆ ಬೆರಳುಗಳೇ ಎಣಿಸತೊಡಗಿದವು, ಒಂದು, ಎರಡು, ಮೂರು. ಪದ್ದಿ ಆ ಕೈಯನ್ನು ತೆಗೆದು ತನ್ನ ಕೈಯೊಳಗಿಟ್ಟುಕೊಂಡಳು. ಪ್ರತಿ “ಖೋ”ಗೂ ಅವಳ ಬೆನ್ನು ಸಣ್ಣಗೆ ಸೆಟೆಯುತ್ತಿತ್ತು, ಯಾರೋ ಮುಟ್ಟಿದರೆ ಈಗಲೂ ಎದ್ದು ಓಡುವವಳಂತೆ.

ಪಂದ್ಯ ಮುಗಿದಾಗ ಅನ್ವಿ ಮೊಣಕಾಲಿನ ತನಕ ಧೂಳಾಗಿ, ಕೆಂಪಗೆ, ಗೆಳತಿಯೊಬ್ಬಳ ಕೈಹಿಡಿದು ಎಳೆದುಕೊಂಡು ಓಡಿಬಂದಳು.

“ನೋಡಿದ್ರ್ಯಾ?”

“ಇಲ್ಲವಾ. ನೀನ ಹೇಳು.”

“ಅಜ್ಜಿ, ನಾ ನಾಲ್ಕು ಮಂದೀನ್ನ ಔಟ್ ಮಾಡ್ದೆ! ನಾಲ್ಕು!”

“ಮೂಡೇ ಕದಾ!” ಎಂದು ಗೆಳತಿ ತೆಲುಗಿನಲ್ಲಿ ತಿವಿದಳು. ಮೂರೇ ಅಲ್ಲವೇ?

“ನಾಲುಗು!” ಅನ್ವಿ ಅವಳದೇ ಭಾಷೆಯಲ್ಲಿ ಕೂಗಿದಳು. ಬೇವಿನ ಮೇಲಿನ ಕಾಗೆ ಹಾರಿಹೋಯಿತು. ಆಮೇಲೆ ಇಬ್ಬರೂ ನನ್ನತ್ತ ತಿರುಗಿದರು. ಹತ್ತು ಹೆಜ್ಜೆಯಾಚೆ ಮೇಜಿನ ಮೇಲೆ ಅಂಕಪಟ್ಟಿಯ ಹಾಳೆ ಗಾಳಿಗೆ ಪಟಪಟ ಅನ್ನುತ್ತಿತ್ತು, ಮೇಲೊಂದು ಕಲ್ಲು. ಹೋಗಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ.

“ನಾಲ್ಕು,” ಎಂದೆ ನಾನು.